ಕನ್ನಡದಲ್ಲಿ ಮೊದಲು ಉಲಿದ ಹಕ್ಕಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ – ಈ ನಾಲ್ಕು ಊರುಗಳನ್ನು ಒಂದು ಹಾಳೆಯ ಮೇಲೆ ನಾಲ್ಕು ಚುಕ್ಕೆಗಳಾಗಿ ಗುರುತಿಸಿರಿ. ಹಾಸನವನ್ನು ಮೇಲ್ಗಡೆಯಿಟ್ಟು, ಅದರ ಪೂರ್ವಕ್ಕೆ ತುಸು ಕೆಳಗೆ ಚನ್ನರಾಯಪಟ್ಟಣವನ್ನೂ, ದಕ್ಷಿಣಕ್ಕೆ ಹೊಳೆನರಸೀಪುರವನ್ನೂ, ಅದರ ಪಶ್ಚಿಮಕ್ಕೆ ಅರಕಲಗೂಡನ್ನೂ ಬರೆದರೆ ನಕ್ಷೆ ಸರಿಸುಮಾರಾಗಿ ನಿಜವೇ ಆಗುವುದು. ಈಗ ಪ್ರತಿಯೊಂದು ಊರಿನಿಂದ ಉಳಿದ ಪ್ರತಿಯೊಂದು ಊರಿಗೂ ಒಂದೊಂದು ಗೆರೆಯನ್ನೆಳೆಯಿರಿ. ಒಟ್ಟು ಆರು ಗೆರೆಗಳಾಗುತ್ತವೆ. ಸಕಲೇಶಪುರವನ್ನು ಐದನೆಯ ಚುಕ್ಕೆಯಾಗಿ ಸೇರಿಸಿದರೆ ಗೆರೆಗಳು ಆರರಿಂದ ಏಳಕ್ಕೆ ಏರುವುದಿಲ್ಲ, ಹತ್ತಕ್ಕೆ ಏರುತ್ತವೆ. ನೂರು ಚುಕ್ಕೆಗಳಿದ್ದಲ್ಲಿ ೪,೯೫೦ ಗೆರೆಗಳು. ಹತ್ತು ಸಾವಿರ ಚುಕ್ಕೆಗಳಿಗೆ ೪,೯೯,೯೫,೦೦೦ ಗೆರೆಗಳು. ಎಂದರೆ ಹೆಚ್ಚುಕಡಿಮೆ ಐದು ಕೋಟಿ.

ಚುಕ್ಕೆಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಈ ಲೆಕ್ಕ ದೊರೆಯುವುದೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಇಷ್ಟು ಸರಳವಾದ ಗಣಿತವು ನಮ್ಮ ಕಾಲದ ಅತಿ ದೊಡ್ಡ ಉದ್ಯಮಗಳ ಬುನಾದಿಯಾಗಿದೆ ಎಂಬುದೇ ಸೋಜಿಗದ ಸಂಗತಿ. ಗಣಕಯಂತ್ರಗಳನ್ನು ತಂತಿಯಿಂದ ಜೋಡಿಸುವ ‘ಈಥರ್‌ನೆಟ್’ ಪದ್ಧತಿಯನ್ನು ರೂಪಿಸಿದವರಲ್ಲಿ ಒಬ್ಬರಾದ ಅಮೆರಿಕದ ರಾಬರ್ಟ್ ಮೆಟ್‌ಕಾಫ್ ಅವರು ಸುಮಾರು ೧೯೮೦ರ ಹೊತ್ತಿಗೆ ಇದೇ ತರ್ಕವನ್ನು ಮುಂದಿಟ್ಟರು. ಜಾಲದಲ್ಲಿ ಸೇರಿದವರು ಎರಡರಷ್ಟಾದರೆ ಅದರ ಉಪಯೋಗ ನಾಲ್ಕರಷ್ಟಾಗುತ್ತದೆ ಎಂಬುದೇ ಆ ತರ್ಕದ ಸಾರ. ಎಲ್ಲ ಗೆರೆಗಳೂ ಸಮಾನ ಬೆಲೆಯವಲ್ಲ, ಅರಕಲಗೂಡಿನ ವಿದ್ಯಾರ್ಥಿಗೆ ಅಪರಿಚಿತರಾದ ಲಕ್ಷ ಜನರಿಗಿಂತ ಪರಿಚಿತರಾದ ಇಪ್ಪತ್ತು ಜನರೇ ಮುಖ್ಯರು ಎಂದು ಮುಂದಿನ ಗಣಿತಜ್ಞರು ಇದಕ್ಕೆ ತಿದ್ದುಪಡಿ ಸೂಚಿಸಿದ್ದಾರೆ. ಆ ತಿದ್ದುಪಡಿ ನ್ಯಾಯವಾದುದೇ. ಆದರೂ ಮೂಲ ಮಾತು ನಿಲ್ಲುತ್ತದೆ: ಸಮಾಜ ಜಾಲದಲ್ಲಿ ದೊಡ್ಡದು ಬೇಗ ದೊಡ್ಡದಾಗುತ್ತದೆ, ಚಿಕ್ಕದು ಚಿಕ್ಕದಾಗಿಯೇ ಒಣಗುತ್ತದೆ.

ಈ ನಿಯಮದ ಏರಿಕೆಯ ಮುಖವನ್ನೂ ಇಳಿಕೆಯ ಮುಖವನ್ನೂ ಒಂದೇ ಕತೆಯಲ್ಲಿ ಕಾಣಬೇಕಾದರೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಎಲ್ಲ ಭಾಷೆಗಳಿಗೂ ಮೊದಲು ಕನ್ನಡದಲ್ಲಿ ಮಾತನಾಡಿ, ನಾಲ್ಕು ವರ್ಷಗಳ ತರುವಾಯ ಮೌನವಾದ ‘ಕೂ’ ಎಂಬ ಸೇವೆಯ ಚರಿತ್ರೆಯನ್ನು ನೋಡಿದರೆ ಸಾಕು.

ಜನನ

ಕೂ ಸೇವೆಯ ಸ್ಥಾಪಕರು ಇಬ್ಬರು: ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ. ಇವರಲ್ಲಿ ಮೊದಲಿನವರು ೨೦೧೧ರಲ್ಲಿ ಜೊತೆಗಾರರೊಬ್ಬರೊಡನೆ ‘ಟ್ಯಾಕ್ಸಿ ಫಾರ್ ಶೂರ್’ ಎಂಬ ಬಾಡಿಗೆ ಕಾರಿನ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಕಟ್ಟಿದವರು. ಆ ಸಂಸ್ಥೆಯನ್ನು ೨೦೧೫ರಲ್ಲಿ ‘ಓಲಾ’ ಕೊಂಡುಕೊಂಡಿತು. ಬಳಿಕ ಇಬ್ಬರೂ ಕೂಡಿ ಭಾರತೀಯ ಭಾಷೆಗಳಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ‘ವೋಕಲ್’ ಎಂಬ ಸೇವೆಯನ್ನು ನಡೆಸಿದರು. ಇದನ್ನು ನಡೆಸುತ್ತಿದ್ದ ಬಾಂಬಿನೇಟ್ ಟೆಕ್ನಾಲಜೀಸ್ ಎಂಬ ಕಂಪನಿಯೇ ಮುಂದೆ ಕೂವಿನ ತಾಯಿಯೂ ಆಯಿತು.

ಆ ಕಾಲದ ಸನ್ನಿವೇಶವನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿಯು ಕಾಲಿಟ್ಟ ಮೇಲೆ ನಮ್ಮ ದೇಶದಲ್ಲಿ ಅಂತರ್ಜಾಲದ ದರ ಥಟ್ಟನೆ ಕುಸಿಯಿತು. ಅದುವರೆಗೆ ನಗರದವರ ಸೊತ್ತಾಗಿದ್ದ ಅಂತರ್ಜಾಲವು ತಾಲ್ಲೂಕು ಕೇಂದ್ರಗಳನ್ನು ದಾಟಿ ಹಳ್ಳಿಗಳ ಜಗಲಿಗಳಿಗೆ ಬಂದು ತಲಪಿತು. ಬಂದವರಲ್ಲಿ ಬಹುಮಂದಿ ಇಂಗ್ಲಿಷಿನಲ್ಲಿ ಬರೆಯುವವರಲ್ಲ. ಚಿತ್ರ ನೋಡಲು, ಹಾಡು ಕೇಳಲು, ಬಂಧುಗಳೊಡನೆ ಮಾತನಾಡಲು ಅವರಿಗೆ ತೊಡಕಿರಲಿಲ್ಲ. ಆದರೆ ಸಾರ್ವಜನಿಕವಾಗಿ ನಾಲ್ಕು ಮಾತು ಬರೆದು, ಅದನ್ನು ಗುರುತಿಲ್ಲದ ನಾಲ್ಕು ಮಂದಿ ಓದಿ ಉತ್ತರಿಸುವ ಸ್ಥಳ ಯಾವುದು? ೨೦೦೬ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಆರಂಭವಾದ ಟ್ವಿಟರ್ ಇಂಥ ಕಿರುಬರಹಕ್ಕೆ ಹೆಸರಾಗಿತ್ತು. ಅಲ್ಲಿ ಕನ್ನಡದಲ್ಲಿ ಬರೆಯಬಾರದೆಂಬ ನಿರ್ಬಂಧವೇನೂ ಇರಲಿಲ್ಲ, ಬರೆಯುವ ಕನ್ನಡಿಗರೂ ಇದ್ದರು. ಆದರೆ ಒಳಹೊಕ್ಕವನ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಇಂಗ್ಲಿಷಿನ ಸಂತೆ. ಸಂತೆಯ ನಡುವೆ ತನ್ನ ಮಾತಿನವರನ್ನು ಹುಡುಕಿಕೊಳ್ಳುವ ಹೊಣೆ ಹೊಸಬನದೇ ಆಗಿತ್ತು.

ಕೂ ಸೇವೆಯ ಕಲ್ಪನೆ ಇದನ್ನು ತಿರುವುಹಾಕಿತು. ಒಳಗೆ ಬರುವಾಗಲೇ ಭಾಷೆಯನ್ನು ಆರಿಸಿಕೊಳ್ಳಬೇಕು. ಆರಿಸಿಕೊಂಡ ಮೇಲೆ ಕಣ್ಣಿಗೆ ಬೀಳುವುದೆಲ್ಲ ಆ ಭಾಷೆಯಲ್ಲಿಯೇ. ೨೦೨೦ರ ಆರಂಭದಲ್ಲಿ ಈ ಪ್ರಯೋಗವು ಕನ್ನಡದಿಂದ ಮೊದಲಾಯಿತು. ಹಿಂದಿ, ತೆಲುಗು, ತಮಿಳು ಮುಂತಾದುವು ತರುವಾಯ ಬಂದುವು. ಹೊಸ ಯಂತ್ರವೋ ತಂತ್ರವೋ ಕನ್ನಡಕ್ಕೆ ಬರುವುದು ಸಾಮಾನ್ಯವಾಗಿ ಕಡೆಯ ಪಂಕ್ತಿಯಲ್ಲಿ. ಈ ಒಂದು ಸಾರಿ ಮಾತ್ರ ನಾವು ಮೊದಲ ಪಂಕ್ತಿಯಲ್ಲಿ ಕುಳಿತಿದ್ದೆವು. ಹಕ್ಕಿಯ ಉಲಿಯನ್ನು ನೆನಪಿಸುವ ಹೆಸರು, ಹಳದಿ ಮರಿಹಕ್ಕಿಯ ಚಿಹ್ನೆ, ೪೦೦ ಅಕ್ಷರಚಿಹ್ನೆಗಳ ಮಿತಿ – ಇವು ಅದರ ಲಕ್ಷಣಗಳು.

ಅಕ್ಷರದ ಬೆಲೆ

ಈ ಮಿತಿಯ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಂತು ಭೌತವಿಜ್ಞಾನದ ಬದಿಯಿಂದ ನೋಡೋಣ. ಟ್ವಿಟರ್ ತನ್ನ ಬರಹಕ್ಕೆ ಮೊದಲು ೧೪೦ ಚಿಹ್ನೆಗಳ ಮಿತಿಯನ್ನು ಹಾಕಿತ್ತು. ಇದು ಯಾರದೋ ಮನಸ್ಸಿಗೆ ತೋಚಿದ ಸಂಖ್ಯೆಯಲ್ಲ. ದೂರವಾಣಿಯಲ್ಲಿ ಕಳುಹಿಸುವ ಕಿರುಸಂದೇಶದ ಉದ್ದ ೧೬೦ ಚಿಹ್ನೆಗಳು. ಅದರಲ್ಲಿ ೨೦ನ್ನು ಬರೆದವರ ಹೆಸರಿಗೆಂದು ಬಿಟ್ಟರೆ ಉಳಿಯುವುದು ೧೪೦. ಹಾಗಾದರೆ ೧೬೦ ಎಲ್ಲಿಂದ ಬಂದಿತು?

ಕಿರುಸಂದೇಶವೊಂದರ ಹೊಟ್ಟೆಯಲ್ಲಿ ೧,೧೨೦ ಬಿಟ್‌ಗಳಿಗೆ ಮಾತ್ರ ಸ್ಥಳವಿದೆ. ಬಿಟ್ ಎಂದರೆ ಸೊನ್ನೆ ಅಥವಾ ಒಂದು. ವಿದ್ಯುತ್ತಿನ ಇರವು ಅಥವಾ ಇಲ್ಲದಿರವು. ಇಂಗ್ಲಿಷಿನ ಅಕ್ಷರಗಳು, ಅಂಕೆಗಳು, ವಿರಾಮಚಿಹ್ನೆಗಳು ಎಲ್ಲಕ್ಕೂ ಕೂಡಿ ಏಳು ಬಿಟ್‌ಗಳ ಸಂಕೇತ ಸಾಕು. ಏಕೆಂದರೆ ಏಳು ಬಿಟ್‌ಗಳಿಂದ ೧೨೮ ಬೇರೆ ಬೇರೆ ಗುರುತುಗಳನ್ನು ಮಾಡಬಹುದು. ೧,೧೨೦ನ್ನು ೭ರಿಂದ ಭಾಗಿಸಿರಿ: ೧೬೦. ಕನ್ನಡವು ಈ ೧೨೮ರಲ್ಲಿ ಸೇರಿರಲಿಲ್ಲವಾದ್ದರಿಂದ ಜಗತ್ತಿನ ಎಲ್ಲ ಲಿಪಿಗಳಿಗೂ ಎಡೆಯಿರುವ ೧೬ ಬಿಟ್‌ಗಳ ಸಂಕೇತವನ್ನು ಬಳಸಬೇಕಾಯಿತು. ೧,೧೨೦ನ್ನು ೧೬ರಿಂದ ಭಾಗಿಸಿದರೆ ೭೦. ಒಂದೇ ಹಣಕ್ಕೆ ಇಂಗ್ಲಿಷಿನವನಿಗೆ ೧೬೦, ಕನ್ನಡದವನಿಗೆ ೭೦!

ಇಷ್ಟಕ್ಕೇ ಮುಗಿಯಲಿಲ್ಲ. ‘ಹೊಳೆನರಸೀಪುರ’ ಎಂಬ ಹೆಸರಿನಲ್ಲಿ ನಾವು ಉಚ್ಚರಿಸುವ ಅಕ್ಷರಗಳು ಏಳು. ಆದರೆ ಯಂತ್ರವು ‘ಹೊ’ ಎಂಬುದನ್ನು ‘ಹ’ ಮತ್ತು ಒಕಾರದ ಗುರುತು ಎಂದು ಎರಡಾಗಿ ಎಣಿಸುತ್ತದೆ. ಹಾಗೆ ಎಣಿಸಿದಾಗ ಹನ್ನೊಂದಾಗುವುವು. ‘ಚನ್ನರಾಯಪಟ್ಟಣ’ದಲ್ಲಿಯೂ ಅಕ್ಷರಗಳು ಏಳೇ. ಒತ್ತಕ್ಷರವಿದ್ದಲ್ಲಿ ವ್ಯಂಜನ, ಅದರ ಸ್ವರವನ್ನು ಅಳಿಸುವ ಗುರುತು, ಮತ್ತೊಂದು ವ್ಯಂಜನ ಎಂದು ಮೂರು ಬೇಕಾಗುವುದರಿಂದ ಒಟ್ಟು ಹನ್ನೆರಡು ಆಗುತ್ತವೆ. ಹಾಸನದವರು ಪುಣ್ಯವಂತರು; ಮೂರು ಅಕ್ಷರಕ್ಕೆ ನಾಲ್ಕು ಗುರುತು ಕೊಟ್ಟರೆ ಮುಗಿಯಿತು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹೆಸರುಗಳನ್ನು ಹೀಗೆ ಬಿಡಿಸಿ ನೋಡಬಹುದು, ಒಳ್ಳೆಯ ಅಭ್ಯಾಸ.

ಈ ಸಂಕೇತಗಳಲ್ಲಿ ಒಮ್ಮತವೇ ಬಹುಕಾಲ ಇರಲಿಲ್ಲ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ೧೯೯೮ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಆದರೂ ಒಂದರಲ್ಲಿ ಬರೆದುದನ್ನು ಆ ಅಚ್ಚಿನ ಮೊಳೆಗಳಿಲ್ಲದ ಮತ್ತೊಂದು ಗಣಕದಲ್ಲಿ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ೧೯೯೧ರಲ್ಲಿ ಹೊರಬಿದ್ದ ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತದಲ್ಲಿ ಕನ್ನಡಕ್ಕೆ ೧೨೮ ಪೀಠಗಳನ್ನು ಕಾದಿರಿಸಲಾಗಿತ್ತು. ಆದರೆ ಈ ಸಂಕೇತಗಳನ್ನು ಓದಿ ಒತ್ತು, ಗುಣಿತಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಸಾಮರ್ಥ್ಯ ಗಣಕಗಳಿಗೂ, ಅನಂತರ ಕೈಫೋನುಗಳಿಗೂ ಬರುವುದಕ್ಕೆ ಎರಡು ದಶಕಗಳೇ ಹಿಡಿದುವು. ಕೂ ೨೦೨೦ರಲ್ಲಿ ಹುಟ್ಟಿತು, ೨೦೦೫ರಲ್ಲಿ ಹುಟ್ಟಲಾರದೆ ಹೋಯಿತು. ಇದಕ್ಕೆ ಈ ತಡವೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಅಗಲವಾದ ಹೆದ್ದಾರಿಯೊಂದಿದ್ದರೆ ಸಾಲದು. ಬಂಡಿಯ ಅಚ್ಚು ಮುರಿಯದಂತೆಯೂ ಇರಬೇಕು. ಬೆರಳಿನಿಂದ ಒತ್ತಲು ಬೇಸರಪಡುವವರಿಗಾಗಿ ಮಾತನಾಡಿದುದನ್ನೇ ಅಕ್ಷರವಾಗಿಸುವ ಸೌಲಭ್ಯವನ್ನೂ ಕೂ ಒದಗಿಸಿತು.

ಪ್ರಸಂಗವಶಾತ್ ಇನ್ನೊಂದು ಮಾತು. ಹಾಸನದಲ್ಲಿ ಬಾಹ್ಯಾಕಾಶ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರವಿದೆ, ೧೯೮೨ರಲ್ಲಿ ಆರಂಭವಾದುದು. ಅದರ ದೊಡ್ಡ ತಟ್ಟೆಗಳನ್ನು ನೋಡಿದವರು, ಫೋನಿನ ಸಂದೇಶವೆಲ್ಲ ಉಪಗ್ರಹಕ್ಕೆ ಏರಿ ಇಳಿದು ಬರುವುದೆಂದು ಭಾವಿಸುವುದುಂಟು. ಹಾಗಲ್ಲ. ಫೋನಿನಿಂದ ಹತ್ತಿರದ ಗೋಪುರದವರೆಗೆ ರೇಡಿಯೋ ತರಂಗ. ಅಲ್ಲಿಂದ ಮುಂದೆ ನೆಲದೊಳಗೆ ಹೂತ ಗಾಜಿನ ಎಳೆಯಲ್ಲಿ ಬೆಳಕಿನ ಮಿಡಿತ. ಉಪಗ್ರಹದ ಎತ್ತರ ಸುಮಾರು ೩೬,೦೦೦ ಕಿಲೋಮೀಟರು. ಏರಿ ಇಳಿಯಲು ಬೆಳಕಿಗೂ ಕಾಲು ಸೆಕೆಂಡು ಹಿಡಿಯುತ್ತದೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರಿಗೆ ಇಳಿದರೂ ಹಾಸನದಿಂದ ಬೆಂಗಳೂರಿಗೆ ಸೆಕೆಂಡಿನ ಸಾವಿರದೊಂದು ಭಾಗದಷ್ಟು ಹೊತ್ತು ಸಾಕು.

ಸರಪಳಿ ಕ್ರಿಯೆ

ಯುರೇನಿಯಂ ಪರಮಾಣುವಿನ ಬೀಜವೊಂದು ಒಡೆದಾಗ ಎರಡು ಮೂರು ನ್ಯೂಟ್ರಾನುಗಳು ಹೊರಚಿಮ್ಮುತ್ತವೆ. ಅವುಗಳಲ್ಲಿ ಸರಾಸರಿ ಒಂದಾದರೂ ಮತ್ತೊಂದು ಬೀಜವನ್ನು ಒಡೆದರೆ ಕ್ರಿಯೆ ಮುಂದುವರಿಯುವುದು. ಒಂದಕ್ಕಿಂತ ಕಡಮೆಯಾದರೆ ನಂದುವುದು. ಸಮಾಜ ಜಾಲದ ಬೆಳವಣಿಗೆಗೆ ಇದಕ್ಕಿಂತ ತಕ್ಕ ಹೋಲಿಕೆಯನ್ನು ನಾನು ಕಾಣೆ. ನೂರು ಮಂದಿ ಸೇರಿದ್ದಾರೆ, ಒಬ್ಬೊಬ್ಬನೂ ಸರಾಸರಿ ಅರ್ಧ ಮಂದಿಯನ್ನು ಕರೆತರುತ್ತಾನೆ ಎನ್ನಿ. ನೂರಕ್ಕೆ ಐವತ್ತು, ಅದಕ್ಕೆ ಇಪ್ಪತ್ತೈದು – ಹೀಗೆ ಕೂಡುತ್ತಾ ಹೋದರೂ ಮೊತ್ತ ಇನ್ನೂರನ್ನು ದಾಟದು. ಹತ್ತು ಮಂದಿಗೆ ಒಂಬತ್ತರಂತೆ ಕರೆತಂದರೆ ಸಾವಿರಕ್ಕೆ ನಿಲ್ಲುವುದು. ಹತ್ತಕ್ಕೆ ಹತ್ತಾದರೆ ಮೇರೆಯೇ ಇಲ್ಲ. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಇಷ್ಟು ಅಂತರವಿರುವುದೇ ಈ ಉದ್ಯಮದ ಮೋಹ ಮತ್ತು ಅಪಾಯ.

ಕೂವಿನ ಮೊದಲ ನೂಕು ೨೦೨೦ರ ಬೇಸಗೆಯ ತರುವಾಯ ಬಂದಿತು. ಜೂನ್ ೨೯ರಂದು ಭಾರತ ಸರ್ಕಾರವು ಚೀನಾ ಮೂಲದ ೫೯ ಆ್ಯಪ್‌ಗಳನ್ನು ನಿಷೇಧಿಸಿತು. ಹಿಂದೆಯೇ ಸ್ವದೇಶೀ ಆ್ಯಪ್‌ಗಳಿಗಾಗಿ ಒಂದು ಸ್ಪರ್ಧೆಯನ್ನು ಏರ್ಪಡಿಸಿತು. ಆಗಸ್ಟಿನಲ್ಲಿ ಬಹುಮಾನ ಪಡೆದವುಗಳಲ್ಲಿ ಕೂ ಒಂದು. ಅದೇ ತಿಂಗಳ ೩೦ರಂದು ಪ್ರಧಾನಮಂತ್ರಿಗಳು ತಮ್ಮ ರೇಡಿಯೋ ಭಾಷಣದಲ್ಲಿ ಇದರ ಹೆಸರನ್ನು ಎತ್ತಿದರು.

ಎರಡನೆಯ ನೂಕು ಇನ್ನೂ ಬಲವಾದುದು. ೨೦೨೧ರ ಫೆಬ್ರವರಿಯಲ್ಲಿ, ರೈತರ ಚಳವಳಿಯ ಸಂದರ್ಭದಲ್ಲಿ ಕೆಲವು ಖಾತೆಗಳನ್ನು ತಡೆಯಬೇಕೆಂದು ಸರ್ಕಾರವು ಟ್ವಿಟರಿಗೆ ಆಜ್ಞೆ ಮಾಡಿತು. ಟ್ವಿಟರ್ ಪೂರ್ತಿಯಾಗಿ ಒಪ್ಪಲಿಲ್ಲ. ಕೇಂದ್ರ ಮಂತ್ರಿಗಳೂ ಇಲಾಖೆಗಳೂ ಕೂವಿನಲ್ಲಿ ಖಾತೆ ತೆರೆದುವು. ಮಾಹಿತಿ ತಂತ್ರಜ್ಞಾನ ಇಲಾಖೆಯು ಟ್ವಿಟರಿಗೆ ಕೊಟ್ಟ ಉತ್ತರವನ್ನೇ ಕೂವಿನಲ್ಲಿ ಪ್ರಕಟಿಸಿತು! ಆ ತಿಂಗಳಲ್ಲಿ ಸೇವೆಯನ್ನು ಇಳಿಸಿಕೊಂಡವರ ಸಂಖ್ಯೆ ೩೦ ಲಕ್ಷವನ್ನು ದಾಟಿತು. ಅದೇ ವರ್ಷದ ಆಗಸ್ಟಿನಲ್ಲಿ ಒಂದು ಕೋಟಿಯಾಯಿತು.

ಮಾರ್ಚಿನಲ್ಲಿ ಕಂಪನಿಯಲ್ಲಿದ್ದ ಚೀನಾ ಮೂಲದ ಬಂಡವಾಳಗಾರ ಸಂಸ್ಥೆಯೊಂದು ಹೊರಬಂದಿತು. ಅದರ ಪಾಲನ್ನು ಕೊಂಡ ಭಾರತೀಯರಲ್ಲಿ, ನಮ್ಮ ಹಾಸನ ಜಿಲ್ಲೆಯ ಊರೊಂದನ್ನು ಹೆಸರಿನಲ್ಲಿಯೇ ಹೊತ್ತ ವೇಗದ ಬೌಲರ್ ಜಾವಗಲ್ ಶ್ರೀನಾಥ್ ಅವರೂ ಇದ್ದರು. ಮೇ ತಿಂಗಳಲ್ಲಿ ಟೈಗರ್ ಗ್ಲೋಬಲ್ ಸಂಸ್ಥೆಯ ಮುಂದಾಳುತನದಲ್ಲಿ ಮೂರು ಕೋಟಿ ಡಾಲರ್ ಬಂಡವಾಳ ಹರಿದುಬಂದಿತು.

ಇಲ್ಲಿ ಒಂದು ವಿಷಯವನ್ನು ನಿಷ್ಪಕ್ಷಪಾತವಾಗಿ ಹೇಳಬೇಕಾಗಿದೆ. ಜಗಳದ ಒಂದು ಪಕ್ಷದವರು ಗುಂಪಾಗಿ ಬಂದುದರಿಂದ, ಇದು ಆ ಪಕ್ಷದವರದೇ ಜಗಲಿ ಎಂಬ ಭಾವನೆ ಬಹುಮಂದಿಯಲ್ಲಿ ಮೂಡಿತು. ಸ್ಥಾಪಕರು ಅದನ್ನು ಒಪ್ಪಲಿಲ್ಲ. ಎಲ್ಲ ಪಕ್ಷದವರೂ ಇಲ್ಲಿದ್ದಾರೆ ಎಂದರು. ದ್ವೇಷದ ಬರಹಗಳಿಗೆ ಎಡೆ ಸಿಗುತ್ತಿದೆ ಎಂಬ ಆಕ್ಷೇಪಣೆಯೂ ಬಂದಿತು. ನಮ್ಮ ಗಣಿತದ ದೃಷ್ಟಿಯಿಂದ ನೋಡಿದರೆ, ವಾದಿಗಳು ಮಾತ್ರ ಬಂದು ಪ್ರತಿವಾದಿಗಳು ಬಾರದ ಸಭೆಯಲ್ಲಿ ಅರ್ಧದಷ್ಟು ಗೆರೆಗಳು ಹುಟ್ಟುವುದೇ ಇಲ್ಲ.

ಗೋಡೆಗಳ ಲೆಕ್ಕ

ಇನ್ನೊಂದು ತೊಡಕು ಸೇವೆಯ ಸತ್ವದೊಳಗೇ ಅಡಗಿತ್ತು. ಯಾವ ಗುಣಕ್ಕಾಗಿ ನಾವು ಅದನ್ನು ಮೆಚ್ಚಿದೆವೋ ಅದರಿಂದಲೇ ಹುಟ್ಟಿದ ತೊಡಕು ಇದು. ಸಾವಿರ ಮಂದಿ ಒಂದೇ ಕೋಣೆಯಲ್ಲಿದ್ದರೆ ಅವರ ನಡುವೆ ೪,೯೯,೫೦೦ ಗೆರೆಗಳು ಸಾಧ್ಯ. ಅವರನ್ನೇ ನೂರು ನೂರು ಮಂದಿಯಂತೆ ಹತ್ತು ಭಾಷೆಗಳ ಹತ್ತು ಕೋಣೆಗಳಲ್ಲಿ ಕೂಡಿಸಿರಿ. ಒಂದು ಕೋಣೆಗೆ ೪,೯೫೦ರಂತೆ ಒಟ್ಟು ೪೯,೫೦೦. ತಲೆಗಳ ಎಣಿಕೆಯಲ್ಲಿ ಒಬ್ಬನೂ ಕಡಮೆಯಾಗಿಲ್ಲ. ಗೆರೆಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಾಣೆಯಾಯಿತು. ಪತ್ರಿಕೆಗಳು ಒಂದು ಕೋಟಿ, ಎರಡು ಕೋಟಿ ಎಂದು ಬರೆಯುತ್ತಿದ್ದಾಗ, ಅರಕಲಗೂಡಿನಲ್ಲಿ ಕುಳಿತು ಕನ್ನಡದ ಕೋಣೆಯ ಬಾಗಿಲು ತೆರೆದ ಹುಡುಗನಿಗೆ ಕಾಣುತ್ತಿದ್ದ ಜನಸಂದಣಿ ಅದರ ಒಂದು ಅಂಶ ಮಾತ್ರವೆಂಬುದನ್ನು ಮರೆಯಬಾರದು.

ಈ ಗೋಡೆಗಳಲ್ಲಿ ಕಿಟಕಿ ಕೊರೆಯಲು ಕೂ ಮಾಡಿದ ಯತ್ನ ನಿಜಕ್ಕೂ ಸ್ತುತ್ಯರ್ಹವಾದುದು. ಒಬ್ಬನು ಒಂದು ಭಾಷೆಯಲ್ಲಿ ಬರೆದುದನ್ನು ಯಂತ್ರವೇ ಅನುವಾದಿಸಿ, ಅವನು ಒಪ್ಪಿದ ಮೇಲೆ ಹಲವು ಭಾಷೆಗಳ ಕೋಣೆಗಳಲ್ಲಿ ಒಟ್ಟಿಗೆ ಪ್ರಕಟಿಸುವ ವ್ಯವಸ್ಥೆ ಬಂದಿತು. ಕ್ರಿಕೆಟ್ ಆಟಗಾರನು ಇಂಗ್ಲಿಷಿನಲ್ಲಿ ಬರೆದುದನ್ನು ಚನ್ನರಾಯಪಟ್ಟಣದ ಓದುಗನು ಕನ್ನಡದಲ್ಲಿ ಓದಬಹುದಾಗಿತ್ತು. ಆದರೆ ಆ ಓದುಗನ ಕನ್ನಡದ ಉತ್ತರ ಆಟಗಾರನವರೆಗೆ ಹೋಗಿ ಮರಳಿ ಬರುವುದು ಬೇರೆಯೇ ಮಾತು. ಕಿಟಕಿಯಿಂದ ಬೆಳಕು ಬರುತ್ತದೆ. ಜನ ಓಡಾಡುವುದು ಬಾಗಿಲಿನಲ್ಲಿ.

೨೦೨೨ರಲ್ಲಿ ಸಂಸ್ಥೆಯು ಬರಹಗಳನ್ನು ಮೇಲೆ ಕೆಳಗೆ ಜೋಡಿಸುವ ತನ್ನ ಗಣಿತಸೂತ್ರಗಳ ತತ್ತ್ವಗಳನ್ನು ಬಹಿರಂಗಪಡಿಸಿತು. ಸರ್ಕಾರದ ಗುರುತು ಚೀಟಿಯನ್ನು ತೋರಿಸಿ ತಾನು ನಿಜವಾದ ಮನುಷ್ಯನೆಂದು ಸ್ಥಾಪಿಸಿದವರಿಗೆ ಹಸುರು ಗುರುತು ಕೊಡುವ ಏರ್ಪಾಡನ್ನೂ ಮಾಡಿತು. ಎರಡೂ ಆಗಿನ ದೊಡ್ಡ ಸಂಸ್ಥೆಗಳಿಗೆ ಪಾಠವಾಗತಕ್ಕ ಹೆಜ್ಜೆಗಳು.

ಹೊರನಾಡು

ಹಕ್ಕಿ ಎರಡು ಬಾರಿ ಸಮುದ್ರವನ್ನು ದಾಟಿತು. ೨೦೨೧ರ ಜೂನಿನಲ್ಲಿ ನೈಜೀರಿಯಾ ದೇಶವು ಟ್ವಿಟರನ್ನು ತಡೆಹಿಡಿದು ಕೂವಿನಲ್ಲಿ ತನ್ನ ಅಧಿಕೃತ ಖಾತೆಯನ್ನು ತೆರೆಯಿತು. ಮರುವರ್ಷದ ಜನವರಿಯಲ್ಲಿ ಆ ತಡೆ ತೆರವಾಯಿತು. ೨೦೨೨ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್ ಟ್ವಿಟರನ್ನು ಕೊಂಡಾಗ ಬ್ರೆಜಿಲಿನ ಜನ ಬೇರೆ ಆಶ್ರಯವನ್ನು ಅರಸಿದರು. ನವೆಂಬರಿನಲ್ಲಿ ಪೋರ್ಚುಗೀಸ್ ಭಾಷೆಯನ್ನು ಸೇರಿಸಿದ ೪೮ ಗಂಟೆಗಳಲ್ಲಿ ಹತ್ತು ಲಕ್ಷ ಮಂದಿ ಬ್ರೆಜಿಲಿಗರು ಕೂವನ್ನು ಇಳಿಸಿಕೊಂಡರು. ಈ ಉತ್ಸಾಹಕ್ಕೆ ಒಂದು ಕಾರಣ, ಆ ಹೆಸರಿನ ಉಚ್ಚಾರಣೆ ಅವರ ಭಾಷೆಯಲ್ಲಿ ದೇಹದ ಹಿಂಭಾಗವನ್ನು ಸೂಚಿಸುವ ಗ್ರಾಮ್ಯಪದವಾಗಿದ್ದುದು! ನಗುತ್ತ ಬಂದವರು ನಗೆ ಮುಗಿದ ಮೇಲೂ ನಿಂತರೆ ಮಾತ್ರ ಅದು ಬೆಳವಣಿಗೆ. ಹತ್ತು ವರ್ಷಗಳ ಹಿಂದೆ ಇದೇ ಬ್ರೆಜಿಲಿಗರೂ ಭಾರತೀಯರೂ ಕೂಡಿ ಮೆರೆಸಿದ ‘ಆರ್ಕುಟ್’ ಎಂಬ ಜಾಲವನ್ನು ಗೂಗಲ್ ಸಂಸ್ಥೆ ೨೦೧೪ರ ಸೆಪ್ಟೆಂಬರಿನಲ್ಲಿ ಮುಚ್ಚಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಜಲಾಶಯದ ಮಟ್ಟ

ಇಳಿಸಿಕೊಂಡವರ ಸಂಖ್ಯೆ ೨೦೨೨ರ ನವೆಂಬರಿನಲ್ಲಿ ಐದು ಕೋಟಿಯಾಯಿತು. ಆದರೆ ಈ ಸಂಖ್ಯೆ ಎಂದೂ ಕೆಳಗಿಳಿಯಲಾರದು. ಬಿಟ್ಟುಹೋದವನೂ ಅದರಲ್ಲಿ ಲೆಕ್ಕಕ್ಕೆ ಸೇರಿದವನೇ. ನಿಜವಾದ ಅಳತೆ ದಿನದಿನವೂ ಬರುವವರದು. ಸ್ಥಾಪಕರೇ ಕೊಟ್ಟ ಲೆಕ್ಕದಂತೆ, ಉಚ್ಛ್ರಾಯ ಕಾಲದಲ್ಲಿ ತಿಂಗಳಿಗೊಮ್ಮೆಯಾದರೂ ಬಂದು ಹೋಗುತ್ತಿದ್ದವರು ಸುಮಾರು ಒಂದು ಕೋಟಿ. ದಿನವೂ ಬರುತ್ತಿದ್ದವರು ಸುಮಾರು ೨೧ ಲಕ್ಷ. ಎಂದರೆ ಯಾವುದೇ ಒಂದು ದಿನ, ಐವರಲ್ಲಿ ಒಬ್ಬ ಒಳಗೆ, ನಾಲ್ವರು ಹೊರಗೆ.

ಗೊರೂರಿನ ಹೇಮಾವತಿ ಜಲಾಶಯವನ್ನು ನೋಡಿದವರಿಗೆ ಇದನ್ನು ತಿಳಿಸುವುದು ಸುಲಭ. ಮಟ್ಟವನ್ನು ನಿರ್ಧರಿಸುವುದು ಒಳಹರಿವು ಮಾತ್ರವಲ್ಲ, ಹೊರಹರಿವೂ ಹೌದು. ಒಂದು ಜಾಲಕ್ಕೆ ದಿನಕ್ಕೆ ಹತ್ತು ಸಾವಿರ ಹೊಸಬರು ಬರುತ್ತಾರೆ, ಇದ್ದವರಲ್ಲಿ ನೂರಕ್ಕೆ ಒಬ್ಬ ಪ್ರತಿದಿನ ಬಿಟ್ಟುಹೋಗುತ್ತಾನೆ ಎಂದುಕೊಳ್ಳಿ. ಸಂಖ್ಯೆ ಏರುತ್ತ ಹೋಗಿ ಹತ್ತು ಲಕ್ಷದಲ್ಲಿ ನಿಂತುಬಿಡುತ್ತದೆ. ಏಕೆಂದರೆ ಹತ್ತು ಲಕ್ಷದ ನೂರರಲ್ಲೊಂದು ಭಾಗ ಹತ್ತು ಸಾವಿರ, ಬಂದಷ್ಟೇ ಹೋಯಿತು. ಈಗ ಹೊಸಬರನ್ನು ಕರೆತರುವ ಜಾಹೀರಾತಿನ ಹಣವನ್ನು ಕಡಿದು ಒಳಹರಿವನ್ನು ಅರ್ಧ ಮಾಡಿರಿ. ಮಟ್ಟ ಮೆಲ್ಲಮೆಲ್ಲನೆ ಐದು ಲಕ್ಷಕ್ಕೆ ಇಳಿಯುವುದು. ಇಳಿಯುತ್ತಿರುವಾಗ ಗೆರೆಗಳು ಇನ್ನೂ ವೇಗವಾಗಿ ಕಡಮೆಯಾಗುವುದರಿಂದ ಉಳಿದವರಿಗೂ ಬೇಸರವಾಗಿ ಸೋರಿಕೆ ಹೆಚ್ಚುವುದು. ನೀರಿನ ಕಟ್ಟೆಯಲ್ಲಿ ಮಟ್ಟ ಇಳಿದಂತೆ ಒತ್ತಡವೂ ತಗ್ಗಿ ಸೋರಿಕೆ ಕಡಮೆಯಾಗುತ್ತದೆ. ಮನುಷ್ಯರ ಕಟ್ಟೆಯಲ್ಲಿ ತದ್ವಿರುದ್ಧ. ಹೋಲಿಕೆ ಮುರಿದುಬೀಳುವುದು ಇಲ್ಲಿಯೇ.

ಕೂವಿಗೆ ಆದುದು ಹೆಚ್ಚುಕಡಿಮೆ ಹೀಗೆಯೇ. ೨೦೨೨ರ ಉತ್ತರಾರ್ಧದಿಂದ ಜಗತ್ತಿನಾದ್ಯಂತ ಹೊಸ ಉದ್ಯಮಗಳಿಗೆ ಬಂಡವಾಳದ ಬರ ತಟ್ಟಿತು. ಬೆಳವಣಿಗೆಗೆ ಸುರಿಯುತ್ತಿದ್ದ ಹಣವನ್ನು ತಡೆಹಿಡಿಯಬೇಕಾಯಿತು. ಗಣಕಗಳ ಬಾಡಿಗೆ ಮಾತ್ರ ತಪ್ಪಲಿಲ್ಲ. ಓದುವವನು ಹಣ ಕೊಡುವುದಿಲ್ಲ. ಜಾಹೀರಾತುಗಾರನು ದೊಡ್ಡ ಸಂದಣಿಯಿಲ್ಲದಲ್ಲಿಗೆ ಬರುವುದಿಲ್ಲ. ಸಂದಣಿ ಕೂಡುವವರೆಗೆ ಖರ್ಚನ್ನು ಹೊರುವವರು ಯಾರು? ೨೦೨೩ರ ಏಪ್ರಿಲಿನಲ್ಲಿ ನೌಕರರಲ್ಲಿ ನೂರಕ್ಕೆ ಮೂವತ್ತರಷ್ಟು ಮಂದಿಯನ್ನು ಬಿಡಿಸಿದ ವರದಿ ಬಂದಿತು. ಡೈಲಿಹಂಟ್ ಮುಂತಾದ ಸಂಸ್ಥೆಗಳೊಡನೆ ನಡೆದ ಮಾತುಕತೆಗಳು ಫಲಿಸಲಿಲ್ಲ. ೨೦೨೪ರ ಜುಲೈ ೩ರಂದು ಸ್ಥಾಪಕರು ಸೇವೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ೨೦೨೨ರಲ್ಲಿ ಭಾರತದ ಮಟ್ಟಿಗೆ ಟ್ವಿಟರನ್ನು ಮೀರಿಸಲು ತಮಗೆ ಕೆಲವೇ ತಿಂಗಳುಗಳು ಉಳಿದಿದ್ದುವೆಂದೂ, ಇಂಥ ಕೆಲಸಕ್ಕೆ ದೀರ್ಘಕಾಲ ತಾಳ್ಮೆಯಿಂದ ಕಾಯುವ ಬಂಡವಾಳ ಬೇಕೆಂದೂ ಅವರು ಹೇಳಿಕೊಂಡರು. ಮೊದಲನೆಯ ಮಾತಿನ ಬಗೆಗೆ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ. ಎರಡನೆಯದರ ಬಗೆಗೆ ಇಲ್ಲ.

ಉಳಿದ ಪ್ರಶ್ನೆ

ಸೇವೆ ನಿಂತಿತು, ಅದರೊಡನೆ ಅಲ್ಲಿಯ ಬರಹಗಳನ್ನು ಸಾರ್ವಜನಿಕರು ಓದುವ ದಾರಿಯೂ ಮುಚ್ಚಿತು. ಹಬ್ಬದ ಶುಭಾಶಯ, ಪಂದ್ಯದ ಮಾತು, ಮಳೆಯ ಸುದ್ದಿ, ರಾಜಕೀಯದ ಕಲಹ – ಇವೆಲ್ಲ ಏಕೆ ಉಳಿಯಬೇಕೆಂದು ಕೆಲವರು ಕೇಳಬಹುದು. ಹಾಗೆ ಕೇಳುವವರು ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯನ್ನು ನೆನೆಯಲಿ. ಸುಮಾರು ಕ್ರಿ. ಶ. ೪೫೦ರ ಆ ಶಾಸನವು ಒಂದು ದಾನದ ವಿಷಯವನ್ನು ನಾಲ್ವರಿಗೆ ತಿಳಿಯಲೆಂದು ಕೆತ್ತಿಸಿದುದು; ಕನ್ನಡದ ಗದ್ಯ ಆಗ ಹೇಗಿತ್ತೆಂಬುದಕ್ಕೆ ಇಂದು ಅದೇ ಆಧಾರ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ೫೦೦ಕ್ಕೂ ಹೆಚ್ಚು ಶಾಸನಗಳಿವೆ. ಅವುಗಳಲ್ಲಿ ಎಷ್ಟೋ ಯಾತ್ರಿಕರು ತಾವು ಬಂದು ಹೋದೆವೆಂದು ಬಂಡೆಯ ಮೇಲೆ ಬರೆದಿಟ್ಟ ಹೆಸರುಗಳು ಮಾತ್ರ. ವಿದ್ವಾಂಸರು ಅವನ್ನೂ ಬಿಡದೆ ಓದಿ, ಎಣಿಸಿ, ಅಚ್ಚು ಹಾಕಿಸಿದ್ದಾರೆ. ೨೦೨೦ರಿಂದ ೨೦೨೪ರವರೆಗೆ ಸಾಮಾನ್ಯ ಕನ್ನಡಿಗನು ಯಾವ ಶಬ್ದಗಳನ್ನು ಬಳಸುತ್ತಿದ್ದ, ಹೊಳೆನರಸೀಪುರದ ಕಡೆಯ ಮಾತು ಲಿಪಿಗೆ ಇಳಿದಾಗ ಯಾವ ರೂಪ ತಾಳುತ್ತಿತ್ತು, ಇಂಗ್ಲಿಷಿನ ಪದಗಳಿಗೆ ವಿಭಕ್ತಿ ಹೇಗೆ ಹತ್ತುತ್ತಿತ್ತು ಎಂಬುದನ್ನು ಮುಂದೆ ಹುಡುಕುವ ಭಾಷಾಶಾಸ್ತ್ರಜ್ಞನು ಎಲ್ಲಿಗೆ ಹೋಗಬೇಕು?

ಕಟ್ಟಿದ ತಂತ್ರಗಳಲ್ಲಿ ಕೆಲವನ್ನು ಸಾರ್ವಜನಿಕರ ಸೊತ್ತಾಗಿ ಮಾಡುವುದನ್ನು ಆಲೋಚಿಸಲು ಸಿದ್ಧವೆಂದು ಸ್ಥಾಪಕರು ವಿದಾಯದ ಸಂದರ್ಭದಲ್ಲಿ ಹೇಳಿದ್ದರು. ಇದಕ್ಕಿಂತ ಮೂಲದಲ್ಲಿಯೇ ಬೇರೆಯಾದ ದಾರಿಯೊಂದಿದೆ. ಹಾಸನದಲ್ಲಿ ಒಂದು ಕಂಪನಿಯ ಫೋನಿನಿಂದ ಅರಕಲಗೂಡಿನ ಮತ್ತೊಂದು ಕಂಪನಿಯ ಫೋನಿಗೆ ಮಾತನಾಡುವುದಕ್ಕೆ ನಮಗೆ ಯಾವ ಅಡ್ಡಿಯೂ ಇಲ್ಲ. ಕಂಪನಿ ಬದಲಾಯಿಸಿದರೂ ಹಳೆಯ ಸಂಖ್ಯೆಯನ್ನೇ ಇಟ್ಟುಕೊಳ್ಳಬಹುದು. ಸಮಾಜ ಜಾಲಗಳಿಗೂ ಇಂಥ ಸಾಮಾನ್ಯ ನಿಯಮಾವಳಿ ಇರಬೇಕೆಂದು ‘ಆ್ಯಕ್ಟಿವಿಟಿಪಬ್’ ಎಂಬ ಒಪ್ಪಂದವನ್ನು ೨೦೧೮ರ ಜನವರಿಯಲ್ಲಿ ವಿಶ್ವವ್ಯಾಪಿ ಜಾಲದ ಮಾನಕ ಸಂಸ್ಥೆ ಅಂಗೀಕರಿಸಿತು. ‘ಮ್ಯಾಸ್ಟೊಡಾನ್’ ಜಾಲವು 이 ಒಪ್ಪಂದದಂತೆಯೇ ನಡೆಯುತ್ತದೆ. ಅಲ್ಲಿ ಒಂದೇ ದೊಡ್ಡ ಗಣಕವಿಲ್ಲ. ಸಾವಿರಾರು ಚಿಕ್ಕ ಗಣಕಗಳು ಅಂಚೆಕಚೇರಿಗಳಂತೆ ಪರಸ್ಪರ ಓಲೆ ಬದಲಾಯಿಸಿಕೊಳ್ಳುತ್ತವೆ. ಒಂದು ಮುಚ್ಚಿದರೆ ಅದರ ಗೆರೆಗಳು ಮಾತ್ರ ಹೋಗುವುವು, ಇಡೀ ನಕ್ಷೆಯಲ್ಲ. ಒಂದು ಕಾಲೇಜೋ, ಒಂದು ಜಿಲ್ಲಾ ಗ್ರಂಥಾಲಯವೋ ತನ್ನದೇ ಗಣಕವೊಂದನ್ನು ಇಂಥ ಜಾಲಕ್ಕೆ ಜೋಡಿಸಬಹುದು. ಆದರೆ ಅದರ ಖರ್ಚನ್ನೂ ಕಾವಲನ್ನೂ ಯಾರಾದರೂ ಹೊರಲೇಬೇಕು. ಜನ ತುಂಬಿದ ಜಗಲಿಯನ್ನು ಬಿಟ್ಟು ಬರಿದಾದ ಜಗಲಿಗೆ ಮೊದಲು ಬಂದು ಕೂರುವವರೂ ಬೇಕು.

ಉಳಿಸುವುದಕ್ಕೆ ಸ್ಥಳದ ಕೊರತೆಯಂತೂ ಇಲ್ಲ. ಇಂದು ರೂಢಿಯಲ್ಲಿರುವ ಸಂಕೇತದಲ್ಲಿ ಕನ್ನಡದ ಒಂದು ಚಿಹ್ನೆಗೆ ಮೂರು ಬೈಟ್ ಬೇಕು. ೪೦೦ ಚಿಹ್ನೆಗಳ ಒಂದು ತುಂಬು ಬರಹಕ್ಕೆ ೧,೨೦೦ ಬೈಟ್. ಅಂಥ ಒಂದು ಕೋಟಿ ಬರಹಗಳಿಗೆ ೧,೨೦೦ ಕೋಟಿ ಬೈಟ್, ಎಂದರೆ ೧೨ ಗಿಗಾಬೈಟ್. ಫೋನಿನೊಳಗೆ ಸೇರಿಸುವ, ಹೆಬ್ಬೆರಳ ಉಗುರಿನಷ್ಟಿರುವ ೧೬ ಗಿಗಾಬೈಟಿನ ಒಂದು ನೆನಪಿನ ಬಿಲ್ಲೆಯಲ್ಲಿ ಅದೆಲ್ಲವೂ ಹಿಡಿದು ಇನ್ನೂ ಸ್ವಲ್ಪ ಎಡೆ ಮಿಗುತ್ತದೆ.